ಒಲೆಗೆ ಹಾಕಿದ ಹಿಟ್ಟಿನ ಚೂರು

"ಗುರುಗಳೇ, ಗುಟ್ಟೊಂದು ಉಳಿಯಬೇಕಾದರೆ ಅದು ಎಷ್ಟು ಜನರಿಗೆ ತಿಳಿದಿರಬಹುದು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಇದು ನಡೆದದ್ದು ೧೯೪೪ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಒಂದು ಬೆಟ್ಟದ ಹಳ್ಳಿಯಲ್ಲಿ. ನಾಜಿ ಸೈನ್ಯ ದೇಶವನ್ನು ಹಿಡಿದಿತ್ತು. ಯಹೂದಿಗಳನ್ನು ಹುಡುಕಿ ರೈಲಿಗೆ ತುಂಬಿ ಸಾಯಲು ಕಳಿಸುತ್ತಿತ್ತು. ಮಕ್ಕಳನ್ನೂ ಬಿಡುತ್ತಿರಲಿಲ್ಲ. ಅವರನ್ನು ಬಚ್ಚಿಟ್ಟವರಿಗೂ ಅದೇ ಗತಿ.

ಆ ಹಳ್ಳಿಗೆಲ್ಲ ಒಂದೇ ದೊಡ್ಡ ಒಲೆ. ಹದಿನೈದು ದಿನಕ್ಕೊಮ್ಮೆ ಹೆಂಗಸರು ಹಿಟ್ಟು ತಂದು, ಅಲ್ಲೇ ನಾದಿ, ರೊಟ್ಟಿ ಸುಟ್ಟುಕೊಂಡು ಹೋಗುತ್ತಿದ್ದರು. ಒಲೆ ನೋಡಿಕೊಳ್ಳುವವಳು ಒಬ್ಬ ವಿಧವೆ. ಅವಳ ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಹೆಸರು ರಿವ್ಕಾ, ಯಹೂದಿ ಮಗು. ವಿಧವೆ ಅವಳನ್ನು ಲುಸೀ ಎಂದು ಕರೆದಳು. ತೀರಿಹೋದ ತಂಗಿಯ ಮಗಳು ಎಂದು ಊರಿಗೆಲ್ಲ ಹೇಳಿದಳು. ಅಕ್ಕಪಕ್ಕದವರ ಸ್ನೇಹವನ್ನೇ ಬಿಟ್ಟಳು. ಗಿರಣಿಯವನ ಹೆಂಡತಿಯ ಮೇಕೆ ಕೋಸು ತಿಂದಿತೆಂದು ಜಗಳ ತೆಗೆದು, ಅಂದಿನಿಂದ ಅವಳ ಜೊತೆ ಮಾತೂ ಬಿಟ್ಟಿದ್ದಳು. ಮಾತು ಕಡಿಮೆಯಾದಷ್ಟೂ ಮಗು ಕ್ಷೇಮ ಎಂಬುದು ಅವಳ ಲೆಕ್ಕ.

ಒಂದು ಬೆಳಿಗ್ಗೆ ಹೆಂಗಸರು ಹಿಟ್ಟು ನಾದುತ್ತಿದ್ದಾಗ ಒಬ್ಬ ನಾಜಿ ಅಧಿಕಾರಿ ಇಬ್ಬರು ಸಿಪಾಯಿಗಳೊಡನೆ ಲಾರಿಯಿಂದಿಳಿದು ಒಳಗೆ ಬಂದ. ಮಗು ಸುಮ್ಮನೆ ನಿಂತಿದ್ದರೆ ಅವನ ಕಣ್ಣಿಗೆ ಬೀಳುತ್ತದೆ ಎಂದು ವಿಧವೆಗೆ ಹೆದರಿಕೆಯಾಯಿತು. ಮಗುವಿನ ಮುಂದೆ ಒಂದು ಮುದ್ದೆ ಹಿಟ್ಟು ತಳ್ಳಿದಳು.

ಮಗು ನಾದಿತು. ನಾದಿ ಮುಗಿದ ಮೇಲೆ ಒಂದು ಚೂರು ಕಿತ್ತು, ತುಟಿ ಅಲ್ಲಾಡಿಸಿ, ಬೆಂಕಿಗೆ ಹಾಕಿತು. ಅದು ಯಹೂದಿ ಹೆಂಗಸರ ಪದ್ಧತಿ. ರೊಟ್ಟಿ ಸುಡುವ ಮೊದಲು ದೇವರ ಪಾಲೆಂದು ಒಂದು ಚೂರು ಹಿಟ್ಟನ್ನು ಬೆಂಕಿಗೆ ಕೊಡುತ್ತಾರೆ. ವಿಧವೆ ಆ ಮಗುವಿನ ನಾಲಿಗೆಗೆ ಹೊಸ ಹೆಸರು, ಹೊಸ ಪ್ರಾರ್ಥನೆ ಎಲ್ಲವನ್ನೂ ಕಲಿಸಿದ್ದಳು. ಕೈಗಳು ತಾಯಿಯಿಂದ ಏನು ಕಲಿತು ಬಂದಿವೆ ಎಂದು ಯೋಚಿಸಿರಲಿಲ್ಲ.

ಅಧಿಕಾರಿಗೆ ಆ ಪದ್ಧತಿ ಗೊತ್ತಿತ್ತು. ಅವನು ಮಗುವಿನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದ: "ಇದನ್ನು ಯಾರು ಹೇಳಿಕೊಟ್ಟರು, ಪುಟ್ಟೀ?"

ಮಗು ವಿಧವೆಯ ಮುಖ ನೋಡಿತು. ವಿಧವೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾನೇ ಎಂದರೆ ಇಬ್ಬರೂ ಹೋಗುತ್ತಾರೆ. ಗೊತ್ತಿಲ್ಲ ಎಂದರೆ ಮಗು ಒಂದೇ ಹೋಗುತ್ತದೆ.

ಆಗ ಗಿರಣಿಯವನ ಹೆಂಡತಿ ತನ್ನ ಹಿಟ್ಟಿನಿಂದ ಒಂದು ಚೂರು ಕಿತ್ತು ಒಲೆಗೆ ಎಸೆದಳು. "ಇದನ್ನೂ ಹೇಳಿಕೊಡಬೇಕೇ, ಸಾಹೇಬರೇ? ಮೊದಲ ತುತ್ತು ಒಲೆಗೆ ಕೊಡದಿದ್ದರೆ ರೊಟ್ಟಿ ತಳ ಹತ್ತುತ್ತದೆ. ನಿಮ್ಮ ತಾಯಿ ಅಡುಗೆಮನೆ ಕಡೆ ಹೋದವರೇ ಅಲ್ಲವೋ ಏನೋ."

ಸಿಪಾಯಿಯೊಬ್ಬ ನಕ್ಕು, ಅಧಿಕಾರಿಯನ್ನು ನೋಡಿ ನಗು ನುಂಗಿದ. ಅವಳ ಪಕ್ಕದವಳೂ ಒಂದು ಚೂರು ಎಸೆದಳು. ಅವಳ ಆಚೆಯವಳೂ ಎಸೆದಳು. ಯಾರೂ ತಲೆಯೆತ್ತಲಿಲ್ಲ. ಅಧಿಕಾರಿ ಒಬ್ಬೊಬ್ಬಳ ಕೈಯನ್ನೂ ನೋಡುತ್ತ ನಿಂತ. ಕೊನೆಯವಳೂ ಎಸೆದಳು. ಅವನು ಕೈಗವಸು ಹಾಕಿಕೊಂಡು ಹೊರಟುಹೋದ.

ಲಾರಿಯ ಸದ್ದು ಅಡಗಿದ ಮೇಲೆ ವಿಧವೆ ಗಿರಣಿಯವನ ಹೆಂಡತಿಯನ್ನು ಕೇಳಿದಳು: "ನಿನಗೆ ಯಾವಾಗ ಗೊತ್ತಾಯಿತು?"

"ಮಗು ಬಂದ ದಿನವೇ. ನಿನ್ನ ಮದುವೆಯಲ್ಲಿ ನಿಮ್ಮಪ್ಪ ಕುಡಿದು, ಇರುವವಳು ಇವಳೊಬ್ಬಳೇ ಮಗಳು ಅಂತ ಊಟದ ತನಕ ಅತ್ತಿದ್ದಾನೆ. ನಿನಗೆ ತಂಗಿ ಎಲ್ಲಿಂದ ಬರಬೇಕು, ಮಾರಾಯ್ತಿ?"

ಆ ವರ್ಷವೇ ಸೈನ್ಯ ಬೆಟ್ಟ ಬಿಟ್ಟು ಹೋಯಿತು. ಮಗು ಉಳಿಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಒಲೆಯ ಬಳಿ ಇದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಉಳಿದವರಿಗೆ?" ಎಂದ.

"ಅವರಿಗೂ ಗೊತ್ತಿತ್ತು," ಎಂದರು ಗುರು. "ಮಗುವನ್ನು ಬಿಟ್ಟು ಊರಿನಲ್ಲಿದ್ದವರು ಇನ್ನೂರ ಹದಿನೇಳು."