ಸೊಟ್ಟ ಕಿವಿಯ ಬಸವ

"ಗುರುಗಳೇ, ನನಗೇಕೆ ನಿದ್ದೆ ಬರುವುದಿಲ್ಲ?" ಎಂದು ಕೇಳುತ್ತ ಮುರಿಗೆಪ್ಪ ದೊಪ್ಪನೆ ಕೂತ. "ಜನರ ಮುಂದೆ ನಿಂತು ಮಾತಾಡಬೇಕು ಅಂದರೆ ಎದೆ ಡವಗುಟ್ಟುತ್ತದೆ ಅಂದೆ. ನನ್ನ ಜೊತೆ ಕಲಿಯುವ ಚನ್ನಮಲ್ಲನೂ ಹಾಗೇ ಅಂದ. ಮಣ್ಣು ತಂದು ಬಸವನನ್ನು ಮಾಡುತ್ತ ಕೂರಿ, ತಣ್ಣಗಾಗುತ್ತದೆ ಅಂದಿರಿ. ಅವನ ಬಸವನ ಒಂದು ಕಿವಿ ಸೊಟ್ಟ. ಆದರೂ ಅವನು ಗೊರಕೆ ಹೊಡೆಯುತ್ತಾನೆ. ನನ್ನ ಬಸವನ ಎರಡು ಕಿವಿಯೂ ನೆಟ್ಟಗಿವೆ. ಇದ್ಯಾವ ನ್ಯಾಯ?"

ಗುರುಗಳು ಗಡ್ಡ ಕೆರೆದುಕೊಂಡು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಇಬ್ಬರು ಅಂಬಿಗರಿದ್ದರು. ಅಣ್ಣತಮ್ಮಂದಿರು. ದೋಣಿ ಒಂದೇ, ಮನೆ ಎದುರುಬದುರು. ಮಳೆ ಎಲ್ಲೋ ಮೇಲಿನ ಸೀಮೆಯಲ್ಲಿ ಬಿದ್ದು ಹೊಳೆ ಇಲ್ಲಿ ಉಬ್ಬುವ ಕಾಲ. ಬೆಳಗಾದರೆ ಗಂಡಂದಿರು ದೋಣಿ ಹತ್ತುತ್ತಿದ್ದರು; ಇಬ್ಬರು ಹೆಂಡತಿಯರ ಜೀವ ಬಾಯಿಗೆ ಬರುತ್ತಿತ್ತು.

ದೋಣಿ ಕಣ್ಮರೆಯಾದ ಕೂಡಲೇ ಹಿರಿಯವಳು ಅಂಗಳ ಸಾರಿಸಿ ರಂಗೋಲಿ ಹಾಕಲು ಕೂರುತ್ತಿದ್ದಳು. ಏಳುವಾಗ ಮುಖ ತಿಳಿಯಾಗಿರುತ್ತಿತ್ತು. ಆಮೇಲೆ ಅದರ ಮೇಲೆ ಕೋಳಿ ಓಡಾಡಲಿ, ಆಡು ಮಲಗಲಿ, ತಿರುಗಿ ನೋಡುತ್ತಿರಲಿಲ್ಲ. ಕಿರಿಯವಳು ಉಗುರು ಕಚ್ಚುತ್ತ ಇದನ್ನೆಲ್ಲ ನೋಡುತ್ತಿದ್ದಳು. ಇವಳಿಗೆ ಮಾತ್ರ ಈ ನೆಮ್ಮದಿ ಎಲ್ಲಿಂದ ಎಂದು ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

"ಅಕ್ಕ, ನಿಮಗೆ ಭಯ ಆಗಲ್ವಾ?"

"ಆಗದೆ ಏನೇ? ಅದಕ್ಕೇ ಹಾಕೋದು. ಕೈ ಚುಕ್ಕಿ ಹಿಡಿದು ಹೋಗೋವಷ್ಟು ಹೊತ್ತು ಮನಸ್ಸು ಹೊಳೆಗೆ ಇಳಿಯಲ್ಲ. ನೀನೂ ಹಾಕು."

ಇಷ್ಟೇ ಇರಲಾರದು, ಪುಡಿಯಲ್ಲೇ ಏನೋ ಇದೆ ಎಂದುಕೊಂಡ ಕಿರಿಯವಳು ಅಕ್ಕನ ಡಬ್ಬಿಯಿಂದ ಒಂದು ಹಿಡಿ ಕದ್ದಳು. ಅಕ್ಕನದಕ್ಕಿಂತ ದೊಡ್ಡ ರಂಗೋಲಿಗೆ ಕೈ ಹಾಕಿದಳು. ಅರಿಸಿನ ತುಂಬಿದಳು, ಕುಂಕುಮ ತುಂಬಿದಳು. ಒಂದು ಎಳೆ ಎಳೆದು ಎದುರಂಗಳ ನೋಡುವಳು, ಇನ್ನೊಂದು ಎಳೆದು ಮತ್ತೆ ನೋಡುವಳು. ಕತ್ತು ನೋಯಿತೇ ಹೊರತು ಎದೆ ತಣ್ಣಗಾಗಲಿಲ್ಲ. ಆಮೇಲೆ ಪೊರಕೆ ಹಿಡಿದು ಕಾವಲು ನಿಂತಳು. ಊರ ಕೋಳಿಗಳೆಲ್ಲ ಆ ಬೀದಿಯನ್ನೇ ಬಿಟ್ಟವು.

ಒಂದು ದಿನ ಹೊಳೆ ಕೆಂಪಗೆ ಏರಿತು. ಹಿರಿಯವಳು ಒಮ್ಮೆ ಹೊಳೆಯತ್ತ ತಿರುಗಿದಳು, ಎಳೆ ಸೊಟ್ಟಗಾಯಿತು. ಆದರೂ ಬಿಡದೆ ಹಾಕಿ ಮುಗಿಸಿ, ಒಲೆ ಹಚ್ಚಲು ಒಳಗೆ ಹೋದಳು. ಆ ಸೊಟ್ಟ ಎಳೆ ಕಂಡ ಕಿರಿಯವಳಿಗೆ ಹಬ್ಬ. ಅಕ್ಕ ಹೊರಗೆ ಬರಲಿ, ಎರಡನ್ನೂ ನೋಡಲಿ ಎಂದು ಬಾಗಿಲಲ್ಲೇ ಕಾದಳು. ಹೊಳೆಯ ನೆನಪೇ ಆಗಲಿಲ್ಲ.

ಸಂಜೆಗೆ ಅಂಬಿಗರು ಬಂದರು. ಮೈಯೆಲ್ಲ ತೊಯ್ದು ತೊಪ್ಪೆ, ಹಲ್ಲು ಕಟಕಟ. ಅಣ್ಣ ರಂಗೋಲಿ ತುಳಿದುಕೊಂಡೇ ಒಳಗೆ ನಡೆದ. ಹಿರಿಯವಳು ಬಿಸಿನೀರು ತಂದಳು. ತಮ್ಮನೂ ತನ್ನ ಅಂಗಳಕ್ಕೆ ಕಾಲೆತ್ತಿದ. ಕಿರಿಯವಳು ಪೊರಕೆ ಅಡ್ಡ ಹಿಡಿದಳು.

"ನಿಲ್ಲಿ! ಕಾಲಿಟ್ಟೀರಿ ಜೋಕೆ! ಅಕ್ಕ ಇನ್ನೂ ನೋಡಿಲ್ಲ!"

"ಅಲ್ಲ ಮಾರಾಯ್ತಿ, ಅಂಥಾ ಹೊಳೆನೇ ದಾಟಿಸಿಬಿಡ್ತು. ನೀನು ಅಂಗಳ ದಾಟಿಸಲ್ವಲ್ಲೇ!"

ಮುರಿಗೆಪ್ಪ ತೊಡೆ ತಟ್ಟಿಕೊಂಡು ನಕ್ಕ. "ಎಂಥಾ ಹುಚ್ಚು ಹೆಂಗಸು ಗುರುಗಳೇ!"

ಗುರುಗಳು ಮತ್ತೆ ಗಡ್ಡ ಕೆರೆದುಕೊಂಡರು.

"ಚನ್ನಮಲ್ಲನ ಬಸವನ ಕಿವಿ ಸೊಟ್ಟ ಅನ್ನೋದು ಅವನಿಗೇ ಇನ್ನೂ ಗೊತ್ತಿಲ್ಲವಲ್ಲಪ್ಪ, ನಿನಗೆ ಹೇಗೆ ಗೊತ್ತಾಯಿತು?"