ಬಕೆಟ್ ಎತ್ತಿದ ಮೇಲೆ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಅಡವೀಶ ಎಂಬ ಮರಿ ಇದ್ದ. ಮುಂದೆ ಸ್ವಾಮಿಯಾಗಬೇಕಾದ ಇಂಥ ಮರಿಗಳನ್ನು ಆ ಕಡೆಯ ಜನ ‘ದೇವರು’ ಎಂದು ಕರೆಯುತ್ತಾರೆ. ಈ ದೇವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹೊಳೆಯಾಚೆ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಗದ್ದುಗೆ ಬರಿದಾಗಿತ್ತು. ಭಕ್ತರು ಬಂದು, ಅಡವೀಶ ದೇವರನ್ನು ನಮಗೆ ಕೊಡಿರಿ ಎಂದು ಅಡ್ಡಬಿದ್ದು ಕೇಳಿಕೊಂಡಿದ್ದರು.

ಮಠದ ಗುರುಗಳನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನೋಡೋಣ ಎಂದು ಕಳಿಸಿದ್ದರು.

ಅಡವೀಶನಿಗೆ ಹೋಗುವ ಆಸೆ ಬಹಳ ಇತ್ತು. ಒಂದು ಸಂಜೆ, ಅಜ್ಜಾರು ಆಕಳ ಮೈ ತಿಕ್ಕುತ್ತಿದ್ದಾಗ ಹತ್ತಿರ ಹೋಗಿ ನಿಂತ.

“ಅಜ್ಜಾರ, ನನ್ನ ಸಿಟ್ಟಿಗೆ ಅಂಜಿ ನೀವು ತಡಾ ಮಾಡಾಕತ್ತೀರಿ, ಹೌದಲ್ರಿ?”

“ಅಂಜಬಾರದೇನು?”

“ಅದು ಹೋತ್ರಿ. ಯಾರಿಗೂ ದನಿ ಏರಿಸಿ ಮಾತಾಡಿ ಭಾಳ ದಿನ ಆತು.”

“ಪೂರ್ತಿ ಹೋತು?”

“ಪೂರ್ತಿ ಹೋತ್ರಿ.”

“ಬೇರುಸಹಿತ?”

“ಬೇರುಸಹಿತ್ರೀ ಅಜ್ಜಾರ.”

ಅಜ್ಜಾರು ಆಕಳ ಬೆನ್ನ ಮೇಲಿನ ಉಣ್ಣೆಹುಳ ಕಿತ್ತು ಬಿಸುಟರು. “ಚಲೋ ಆತು. ನಾಳೆ ಮುಂಜಾನೆ ನನ್ನ ಜೋಡಿ ಬಾ. ಟ್ರ್ಯಾಕ್ಟರ್ ನೋಡಿ ಬರೂಣು.”

ಕೇಳಿದ್ದೇನು, ಸಿಕ್ಕ ಉತ್ತರವೇನು! ಆದರೂ ಅಡವೀಶ ತಲೆಯಾಡಿಸಿದ. ಟ್ರ್ಯಾಕ್ಟರ್ ಬೇಕಾಗಿತ್ತೆಂಬುದು ಸುಳ್ಳಲ್ಲ. ಮಠದ ದನಗಳು ಹಾಕುವ ಸಗಣಿಯೇನು ಕಡಿಮೆಯೆ? ತಿಪ್ಪೆಯ ಗೊಬ್ಬರ ಬುಟ್ಟಿಯಲ್ಲಿ ಹೊತ್ತು ಹೊತ್ತು ಆಳುಗಳ ನಡ ಬಿದ್ದುಹೋಗಿತ್ತು. ಮುಂದೆ ಬಕೆಟ್ ಇರುವ, ಗೊಬ್ಬರ ತಾನೇ ಎತ್ತಿ ತುಂಬುವ ಹಳೆಯ ಟ್ರ್ಯಾಕ್ಟರ್ ಒಂದು ಎಲ್ಲಾದರೂ ಸಿಗಲಿ ಎಂದು ಎಲ್ಲರೂ ಹಾರೈಸುತ್ತಿದ್ದರು.

ಮಗ್ಗುಲ ಊರಿನ ಫಕೀರಪ್ಪನ ಹತ್ತಿರ ಅಂಥದ್ದು ಇತ್ತು. ಮೊಣಕಾಲು ನೋವಿನಿಂದ ಹತ್ತಿ ಇಳಿಯುವುದಾಗದೆ ಅವನು ಅದನ್ನು ಮಾರಲು ನಿಂತಿದ್ದ.

ಅಜ್ಜಾರು, ಅಡವೀಶ ಹೋಗುವಷ್ಟರಲ್ಲಿ ಟ್ರ್ಯಾಕ್ಟರು ಮೈ ತೊಳೆದುಕೊಂಡು ಅಂಗಳದಲ್ಲಿ ನಿಂತಿತ್ತು. ಬಾನೆಟ್ಟಿನ ಮೇಲೆ ಮೂರು ಗೆರೆ ವಿಭೂತಿ. ಕೊಳ್ಳಲು ಬರುವವರು ಮಠದವರು ಎಂದ ಮೇಲೆ ಟ್ರ್ಯಾಕ್ಟರಿಗೂ ಲಿಂಗಾಯತ ದೀಕ್ಷೆ ಕೊಡುವಷ್ಟು ಜಾಣ ಈ ಫಕೀರಪ್ಪ.

ಅಡವೀಶ ಹುಡುಕಿ ಹುಡುಕಿ ನೋಡಿದ. ಟಾಯರು ಒದ್ದ. ಚಾಲೂ ಮಾಡಿ ಹೊಗೆಯ ಬಣ್ಣ ನೋಡಿದ. ಸ್ಟೇರಿಂಗು ತಿರುಗಿಸಿದ. ಬಕೆಟ್ ಎತ್ತುವ ಸಿಲಿಂಡರುಗಳ ಮೇಲೆ ಅಂಗೈ ಸವರಿದ.

“ಎಣ್ಣಿ ಸೋರತೈತೇನು?”

“ನಿಮ್ಮ ಕೈ ನೀವ ನೋಡಕೋರಿ ದೇವರ. ಒಂದು ಹನಿ ಐತೇನು?” ಎಂದ ಫಕೀರಪ್ಪ.

ಇರಲಿಲ್ಲ. ಅಂಗೈ ಒಣಗಿಯೇ ಇತ್ತು.

ಫಕೀರಪ್ಪನ ಹಸಿ ತಿಪ್ಪೆಗೇ ಬಕೆಟ್ ಹಾಕಿದರು. ತುಂಬಿದ ಬಕೆಟ್ ಸರಾಗವಾಗಿ ಮೇಲೆದ್ದಿತು. ಅಡವೀಶನ ಮುಖ ಅರಳಿತು. “ಎತ್ತಿತ್ರೀ ಅಜ್ಜಾರ! ಹೂವಿನಂಗ ಎತ್ತಿತು!”

“ಎತ್ತಿತು. ಎದಿಮಟ ಇರಲಿ ಸಾಕು. ಈಗ ಬಂದ್ ಮಾಡು.”

ಟ್ರ್ಯಾಕ್ಟರ್ ಸುಮ್ಮನಾಯಿತು. ಅಜ್ಜಾರು ಬಣವೆಯಿಂದ ಒಂದು ಜೋಳದ ದಂಟು ಹಿರಿದು ತಂದು, ಬಕೆಟ್ಟಿನ ತುಟಿಗೆ ತುದಿ ತಾಗುವಂತೆ ನೆಲಕ್ಕೆ ನೆಟ್ಟಗೆ ನಿಲ್ಲಿಸಿದರು. ಆಮೇಲೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಅಡವೀಶನೂ ಇಳಿದು ಬಂದು ಪಕ್ಕದಲ್ಲಿ ಕುಳಿತ.

“ನೀಲವ್ವಾ, ಚಹಾ ಆತೇನವಾ?”

ಫಕೀರಪ್ಪನ ಹೆಂಡತಿ ನೀಲವ್ವ ಮೂವರಿಗೂ ಚಹಾ ತಂದಳು. ಅಜ್ಜಾರು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಊದಿ ಊದಿ, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರ ಹಾಗೆ ಕುಡಿದರು. ಹೆಸರುಕಾಳಿನ ಬೆಳೆ ಕೇಳಿದರು. ಎಮ್ಮೆ ಈದದ್ದು ಯಾವಾಗ ಎಂದು ಕೇಳಿದರು.

ಫಕೀರಪ್ಪ ಉತ್ತರ ಕೊಡುತ್ತಿದ್ದ, ಆದರೆ ಕಣ್ಣು ದಂಟಿನ ಮೇಲಿತ್ತು.

“ಅಜ್ಜಾರ, ಹೊಲದಾಗ ಒಂದು ಸುತ್ತ ಹೊಡದು ತೋರಿಸಲೇನ್ರಿ?”

“ಇರಲಿ ಬಿಡು. ಕುಂದ್ರು.”

ಇನ್ನಷ್ಟು ಹೊತ್ತು ಹೋಯಿತು. ನೀಲವ್ವ ಮತ್ತೊಂದು ಸುತ್ತು ಚಹಾ ಹಾಕಿದಳು.

“ಬಕೆಟ್ಟು ಇಳಿಸಿಬಿಡ್ತೇನ್ರೀ ಅಜ್ಜಾರ. ಸುಮ್ನ ಯಾಕ...”

“ಏನವಸರ? ತಾನ ಇಳೀತೈತಿ, ಹೌದಲ್ಲ?”

ಫಕೀರಪ್ಪನಿಗೆ ಚಹಾ ನೆತ್ತಿಗೇರಿತು. ಅವನು ಕೆಮ್ಮುತ್ತಿದ್ದಂತೆಯೇ ದಂಟು ಬಾಗಿತು, ಇನ್ನೂ ಬಾಗಿತು, ಲಟಕ್ಕನೆ ಮುರಿಯಿತು.

ಅಡವೀಶ ದಂಟು ನೋಡಿದ, ಬಕೆಟ್ ನೋಡಿದ, ಫಕೀರಪ್ಪನ ಮುಖ ನೋಡಿದ. ದಡಕ್ಕನೆ ಎದ್ದು ನಿಂತ.

“ಏ ಫಕೀರಪ್ಪಾ! ಮಠಕ್ಕ ಟೋಪಿ ಹಾಕತೀಯೇನು? ವಿಭೂತಿ ಬಳದು ಸುಳ್ಳು ಮಾರತೀ? ನಾಚಿಗಿ ಬರೂದಿಲ್ಲ ನಿನಗ?”

ಕೈಯಲ್ಲಿದ್ದ ಬಸಿಯನ್ನು ನೆಲಕ್ಕೆ ಅಪ್ಪಳಿಸಿದ. ಅದು ಚೂರುಚೂರಾಯಿತು. ಕೋಳಿಗಳು ದಿಕ್ಕಾಪಾಲಾದವು. ಓಣಿಯವರು ಇಣುಕಿ ನೋಡಿದರು.

ನೀಲವ್ವ ಬಾಗಿಲಲ್ಲಿ ಚಹಾದ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದಳು. “ನನ್ನ ತವರುಮನಿ ಹೊಳಿ ಆಚಿರಿ ದೇವರ,” ಎಂದಳು ಸಣ್ಣ ದನಿಯಲ್ಲಿ. “ನೀವ ಅಲ್ಲಿಗೆ ಸ್ವಾಮಿಗೋಳಾಗಿ ಬರತೀರಂತ ನಮ್ಮವ್ವ ಹಾದಿ ನೋಡಾಕತ್ತಾಳ್ರಿ.”

ಅಡವೀಶನ ಸಿಟ್ಟು ಜರ್ರನೆ ಇಳಿಯಿತು. ಇಳಿದ ಮೇಲೆ ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಜ್ಜಾರು ತಮ್ಮ ಬಸಿಯ ಚಹಾ ಮುಗಿಸಿದರು. “ಫಕೀರಪ್ಪ, ಈಗರ ಹೇಳು.”

“ಹೊರಗ ಹನಿ ಇಲ್ಲಂದದ್ದು ಖರೇನ್ರಿ. ಸಿಲಿಂಡರದಾಗಿನ ಸೀಲು ಸವದಾವು. ಎಣ್ಣಿ ಒಳಗಿಂದೊಳಗ ಸೋರತೈತಿ, ಬಂದ್ ಮಾಡಿದ್ರ ಬಕೆಟ್ಟು ಮೆಲ್ಲಕ ಇಳೀತೈತಿ. ಬಾಯಿ ಬಿಟ್ರ ಯಾರೂ ತಗೊಳ್ಳಾಂಗಿಲ್ಲಂತ ಸುಮ್ನಿದ್ದೆ. ತಪ್ಪಾತ್ರಿ.”

“ಮತ್ತ ಇಷ್ಟ ದಿನ ಹ್ಯಾಂಗ ನಡಿಸಿದಿ?”

“ಕೆಲಸ ಮುಗೀತಂದ್ರ ಮದಲ ಬಕೆಟ್ಟು ನೆಲಕ್ಕ ಇಳಿಸತೀನ್ರಿ, ಆಮ್ಯಾಲೆ ಬಂದ್ ಮಾಡತೀನಿ. ಎತ್ತಿದಾಗ ಕೆಳಗ ಯಾರನ್ನೂ ನಿಂದ್ರಗೊಡಾಂಗಿಲ್ಲ. ಇವತ್ತಿನತನಾ ನೀಲವ್ವನ ಒಂದು ಕೋಳಿ ಸತ್ತಿಲ್ರಿ.”

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾರ ಬೆಲಿ ಹೇಳು. ಸೋರೂ ಬೆಲಿ ಹೇಳು ಮತ್ತ, ವಿಭೂತಿ ಬೆಲಿ ಬ್ಯಾಡ.”

“ಇದನ್ನ ತಗೋತೀರಿ?” ಎಂದ ಅಡವೀಶ.

“ತಿಪ್ಪಿ ಎತ್ತಾಕ ಬೇಕಾಗಿತ್ತು. ಎತ್ತತೈತಿ.”

ಅವರಿಬ್ಬರೂ ವ್ಯವಹಾರ ಮುಗಿಸುವಷ್ಟರಲ್ಲಿ ಅಡವೀಶ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಸಿಯ ಚೂರು ಆರಿಸಿದ. ನೀಲವ್ವ ಓಡಿ ಬಂದಳು.

“ಬಿಡ್ರಿ ದೇವರ, ಕೈಗೆ ಚುಚ್ಚೀತು.”

“ತಪ್ಪಾತವಾ ತಾಯಿ,” ಎಂದ. ಫಕೀರಪ್ಪನಿಗೂ ಕೈಮುಗಿದ. ಫಕೀರಪ್ಪ ಗಾಬರಿಯಾಗಿ ತಾನೂ ಕೈಮುಗಿದ. ಇಬ್ಬರಲ್ಲಿ ಯಾರು ಮೊದಲು ಕೈ ಇಳಿಸಬೇಕೆಂದು ಸ್ವಲ್ಪ ಹೊತ್ತು ಇಬ್ಬರಿಗೂ ತಿಳಿಯಲಿಲ್ಲ.

ಟ್ರ್ಯಾಕ್ಟರನ್ನು ಅಡವೀಶನೇ ಹೊಡೆದುಕೊಂಡು ಹೊರಟ. ಅಜ್ಜಾರು ಮಡ್‌ಗಾರ್ಡಿನ ಮೇಲೆ ಕುಳಿತು, ಕಾವಿ ಶಲ್ಯ ತಲೆಗೆ ಸುತ್ತಿಕೊಂಡು, ಹಾದಿಯಲ್ಲಿ ಸಿಕ್ಕವರಿಗೆಲ್ಲ “ನಮ್ಮದು! ನಮ್ಮದು!” ಎಂದು ಕೈಮಾಡಿ ತೋರಿಸುತ್ತ ಬಂದರು. ಅವರಿಗೆ ಆದ ಸಂತೋಷ ನೋಡಿದರೆ ಯಾರಿಗಾದರೂ ಸಂತೋಷವಾಗಬೇಕು. ಅಡವೀಶ ಮಾತ್ರ ಹಾದಿಯ ಮೇಲೇ ಕಣ್ಣಿಟ್ಟು ಹೊಡೆದ.

ಮಠದ ಮುಂದೆ ಟ್ರ್ಯಾಕ್ಟರ್ ನಿಂತಿತು. ಅಡವೀಶ ಮೊದಲು ಬಕೆಟ್ ನೆಲಕ್ಕೆ ಇಳಿಸಿದ. ಅದು ಮಣ್ಣಿಗೆ ಕೂತದ್ದು ನೋಡಿಕೊಂಡು ಆಮೇಲೆ ಬಂದ್ ಮಾಡಿದ. ಹೊಳೆಯ ಸಪ್ಪಳ ಕೇಳತೊಡಗಿತು.

“ಅಜ್ಜಾರ.”

“ಏನಪಾ?”

“ಹೊಳಿ ಆಚಿಗೆ ಬ್ಯಾರೆ ಯಾರನ್ನರ ಕಳಿಸ್ರಿ. ನನ್ನ ಸಿಟ್ಟು ಹೋಗಿಲ್ಲ. ಒಳಗ ಐತಿ. ನಿಮ್ಮ ಮುಂದ ಸುಳ್ಳು ಹೇಳಿದೆ.”

“ಗೊತ್ತಿದ್ದ ಹೇಳಿದ್ಯೋ?”

“ನನಗ ಗೊತ್ತಿದ್ದಿಲ್ರಿ. ಇವತ್ತ ಗೊತ್ತಾತು. ಮತ್ತ ಯಾವತ್ತರ ಬಂದೀತು. ಹಂಗಂತ ತಿಳದೂ ಅವರ ಗದ್ದಿಗಿ ಮ್ಯಾಲೆ ಹ್ಯಾಂಗ ಕುಂದ್ರಲಿ?”

ಅಜ್ಜಾರು ಅವನ ಹೆಗಲ ಮೇಲೆ ಕೈಯೂರಿ ನಿಧಾನ ಕೆಳಗಿಳಿದರು. ಧೋತರದ ಧೂಳು ಜಾಡಿಸಿಕೊಂಡರು.

“ನಾಳೆ ಹೊಳಿ ಆಚಿ ಭಕ್ತರು ಬರತಾರ. ಈ ಮಾತು ಹಿಂಗ ಅವರಿಗೂ ಹೇಳು. ಹೇಳಿ, ಅವರ ಜೋಡಿ ಹೋಗು.”