ಕುದುರೆಯ ಕಾಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಯುದ್ಧವಿಲ್ಲದೆ, ಒಂದು ಹನಿ ನೆತ್ತರು ಚೆಲ್ಲದೆ, ಪರರಾಜ್ಯದ ಸಿಂಹಾಸನ ತಾನಾಗಿ ಬಾಗಿಲಿಗೆ ಬಂದರೂ ಒಲ್ಲೆನೆಂದ ಅರಸನೊಬ್ಬ ಇದ್ದನಂತೆ. ಅವನು ಹೇಡಿಯಲ್ಲವೇ?"

"ಅವನು ಹೆದರಿದ್ದಂತೂ ನಿಜ," ಎಂದರು ಗುರುಗಳು. "ಯಾವುದಕ್ಕೆ ಹೆದರಿದ ಎಂಬುದನ್ನು ಕೇಳು." ಹೀಗೆಂದು ಕತೆ ಹೇಳಿದರು.

ಗುಡ್ಡಗಾಡಿನ ಸಣ್ಣ ರಾಜ್ಯವೊಂದಕ್ಕೆ ಅವನು ಅರಸ. ಈ ಗಡಿಯಿಂದ ಆ ಗಡಿಗೆ ಒಂದೂವರೆ ದಿನದ ನಡಿಗೆ. ಜನ ಒರಟರು, ಅನಿಸಿದ್ದನ್ನು ಅರಸನ ಮುಖಕ್ಕೇ ಹೇಳುವವರು. ಅವನ ಆನೆ ಒಮ್ಮೆ ಮುದುಕಿಯೊಬ್ಬಳ ಕಬ್ಬಿಗೆ ನುಗ್ಗಿತು. ಅವಳು ಅರಮನೆಯ ಬಾಗಿಲಲ್ಲಿ ಕುಳಿತು, ಊಟದ ಹೊತ್ತು ಮೀರುವ ತನಕ ಅವನನ್ನು ಬೈದಳು. ಇಂಥದ್ದನ್ನು ಕೇಳಿ ಕೇಳಿ ಅರಸನಿಗೆ ಬೇಸರ ಬಂದಿತ್ತು.

ಹೀಗಿರುವಾಗ ಹೊಳೆಯಾಚೆಯ ದೊಡ್ಡ ರಾಜ್ಯದ ದೊರೆ ನಲವತ್ತು ವರ್ಷ ಆಳಿ, ಮಕ್ಕಳಿಲ್ಲದೆ ತೀರಿಕೊಂಡ. ಅಲ್ಲಿಯ ಮಂತ್ರಿ ಹರಿವಾಣದಲ್ಲಿ ಕಿರೀಟವನ್ನಿಟ್ಟುಕೊಂಡು ಈ ಅರಸನಲ್ಲಿಗೆ ಬಂದ.

"ಪ್ರಭು, ತಾವು ನಮ್ಮನ್ನು ಆಳಬೇಕು," ಎಂದ. "ನಮ್ಮಲ್ಲಿ ಏಳು ಕೋಟೆಗಳಿವೆ. ಎರಡು ಬೆಳೆ ಬೆಳೆಯುವ ನೆಲವಿದೆ. ದೊರೆಗೆ ಎದುರಾಡಿದವನು ನಮ್ಮ ಕಡೆ ಒಬ್ಬನೂ ಇಲ್ಲ."

ಆ ಕೊನೆಯ ಮಾತಿಗೆ ಅರಸನ ಮನಸ್ಸು ಹಿಗ್ಗಿತು. ಆದರೂ ಕಣ್ಣಾರೆ ನೋಡಿ ಒಪ್ಪುತ್ತೇನೆಂದು ಹೇಳಿ, ಮಂತ್ರಿಯ ಜೊತೆ ಹೊರಟ.

ಮೊದಲ ದಿನ ದಾರಿಯ ಎರಡೂ ಬದಿಗೆ ಜನ ಕೈಮುಗಿದು ನಿಂತಿದ್ದರು. ಒಂದು ಕೆಮ್ಮು ಕೂಡ ಕೇಳಲಿಲ್ಲ. ತಾಯಂದಿರು ಎಳೆಗೂಸುಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿದ್ದರು. ಅರಸನಿಗೆ ಏಕೋ ಕಸಿವಿಸಿಯಾಯಿತು. ಎರಡನೆಯ ದಿನ ಆ ಮೌನ ಅಭ್ಯಾಸವಾಯಿತು. ಸಂಜೆಯ ಹೊತ್ತಿಗೆ ಅದು ಹಿತವೆನಿಸಿತು. ಮರ್ಯಾದೆ ಎಂದರೆ ಇದು, ಎಂದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಸವಾರಿ ಕುಂಬಾರರ ಬೀದಿಗೆ ಬಂತು. ಬೀದಿ ಇಕ್ಕಟ್ಟು. ಏನನ್ನೋ ಕಂಡು ಬೆದರಿದ ಅರಸನ ಕುದುರೆ ಮುಂಗಾಲೆತ್ತಿ ಮಡಕೆಗಳ ಮೇಲೆ ಇಳಿಯಿತು. ಅಲ್ಲೇ ಕುಳಿತಿದ್ದ ಕುಂಬಾರನ ಪಾದ ಗೊರಸಿನ ಕೆಳಗೆ ಸಿಕ್ಕಿತು. ಮೂಳೆ ಮುರಿದ ಸದ್ದು ಬೀದಿಗೆಲ್ಲ ಕೇಳಿಸಿತು. ಯಾರೂ ತುಟಿ ಬಿಚ್ಚಲಿಲ್ಲ.

ಕುಂಬಾರ ಕುಳಿತಲ್ಲೇ ಕೈಮುಗಿದ. "ಮಹಾಪ್ರಭು, ಕುದುರೆಗೆ ನೋವಾಯಿತೇ?"

ಅರಸ ಕೂಡಲೇ ಇಳಿದ. ಬಗ್ಗಿ ಕುದುರೆಯ ಕಾಲನ್ನೆತ್ತಿ ನೋಡಿದ. ಗೊರಸಿನಲ್ಲಿ ಸಿಕ್ಕಿಕೊಂಡಿದ್ದ ಒಡೆದ ಮಡಕೆಯ ಬೋಕಿಯೊಂದನ್ನು ಕಿತ್ತು ಎಸೆದ. ಕುದುರೆಯ ಕುತ್ತಿಗೆ ಸವರಿ, "ಇಲ್ಲ, ಏನೂ ಆಗಿಲ್ಲ," ಎಂದ.

"ನಾನು ಬದುಕಿದೆ, ಪ್ರಭು," ಎಂದ ಕುಂಬಾರ.

ಮತ್ತೆ ಏರಲು ಲಗಾಮು ಹಿಡಿದಾಗ ಅರಸನಿಗೆ ತನ್ನ ಬೆರಳುಗಳು ಕಂಡವು. ಅವು ಕೆಂಪಾಗಿದ್ದವು. ಕುದುರೆಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಆಗ ಅವನು ನೆಲ ನೋಡಿದ, ಕುಂಬಾರನ ಪಾದ ನೋಡಿದ, ಮೆಲ್ಲಗೆ ಅವನ ಮುಖ ನೋಡಿದ. ಬೆವರು ಧಾರೆಯಾಗಿ ಇಳಿಯುತ್ತಿದ್ದ ಆ ಮುಖದಲ್ಲಿ ನಗು ಇತ್ತು. ಅರಸ ಸುತ್ತಲೂ ನೋಡಿದ. ಎಲ್ಲರೂ ಹಾಗೆಯೇ ನಗುತ್ತಿದ್ದರು. ಸುಡುಬಿಸಿಲಿನಲ್ಲಿ ಅವನ ಮೈ ತಣ್ಣಗಾಯಿತು.

ಅವನು ತನ್ನ ಉತ್ತರೀಯವನ್ನು ಹರಿದು ಕುಂಬಾರನ ಪಾದಕ್ಕೆ ಕಟ್ಟಲು ಕುಳಿತ. ಮುರಿದ ಕಾಲಿಗೆ ನಡುಗದಿದ್ದ ಕುಂಬಾರ ಈಗ ಗಡಗಡ ನಡುಗಿದ. ಇದು ಯಾವ ಶಿಕ್ಷೆಯ ಮೊದಲೋ ಎಂದು ಅವನಿಗೆ ತಿಳಿಯಲಿಲ್ಲ.

ಪಾದಕ್ಕೆ ಕಟ್ಟು ಹಾಕಿ ಮುಗಿಸಿದವನೇ ಅರಸ ಹಿಂದಕ್ಕೆ ಹೊರಟ. ಮಂತ್ರಿ ಓಡಿಬಂದು ಅಡ್ಡ ನಿಂತ.

"ಪ್ರಭು, ನಮ್ಮಿಂದ ಏನು ಕೊರತೆಯಾಯಿತು?"

"ಆ ಮನುಷ್ಯನ ಕಾಲು ನನ್ನ ಕಣ್ಣಿಗೆ ಬೀಳಲಿಲ್ಲ," ಎಂದ ಅರಸ. "ನಾನು ಬಂದು ಮೂರೇ ದಿನ. ಮೂವತ್ತು ವರ್ಷ ಇಲ್ಲೇ ಕುಳಿತರೆ ನನಗೆ ಇನ್ನೇನು ಕಂಡೀತು? ಕಿರೀಟ ನಿಮ್ಮಲ್ಲೇ ಇರಲಿ."

ಹಗಲು ರಾತ್ರಿ ಎನ್ನದೆ ಕುದುರೆ ಓಡಿಸಿ ಹೊಳೆಯ ದಡ ಮುಟ್ಟಿದ. ಅವನ ಊರಿನ ಅಂಬಿಗ ಅಲ್ಲಿ ಕಾದಿದ್ದ. ಅರಸ ಕುದುರೆಯ ಮೇಲೆ ಕುಳಿತೇ ದೋಣಿಗೆ ಬರುವುದನ್ನು ಕಂಡು, "ಇಳೀರಿ ಸ್ವಾಮಿ, ದೋಣಿ ಮುಳುಗಿಸಬೇಕು ಅಂತಿದ್ದೀರಾ?" ಎಂದು ಗದರಿದ. ಅರಸ ಇಳಿದು, ಲಗಾಮು ಹಿಡಿದು ದೋಣಿ ಹತ್ತಿದ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಹಾಗಾದರೆ ಆ ಸಿಂಹಾಸನ ಖಾಲಿಯಾಗಿಯೇ ಉಳಿಯಿತೇ, ಗುರುಗಳೇ?"

"ಇಲ್ಲ," ಎಂದರು ಗುರುಗಳು, "ಹೆದರದವನೊಬ್ಬ ಸಿಕ್ಕಿದ."